ಮಾವನವರ ಕಾರಿನ ಗೇರ್ ಎಣ್ಣೆ

ನಮ್ಮ ಮಾವನವರ ಮನೆಯಲ್ಲಿ ಅಳಿಯನ ಎದುರು ಕೆಟ್ಟ ಸುದ್ದಿ ಆಡುವ ರೂಢಿ ಇರಲಿಲ್ಲ. ಯಾರಿಗಾದರೂ ಜ್ವರ ಬರಲಿ, ಎಮ್ಮೆ ಹಾಲು ಬತ್ತಲಿ, ಮಾಳಿಗೆ ಸೋರಲಿ, ಆ ಮಾತು ಹೊರಬೀಳುತ್ತಿದ್ದುದು ನಾನು ಬಸ್ಸು ಹತ್ತಿ ಇಳಕಲ್ಲಿಗೆ ಹೋದ ಮೇಲೆಯೇ. ನಾನಿರುವಷ್ಟು ದಿನ ಏನು ಕೇಳಿದರೂ "ಎಲ್ಲಾ ಆರಾಮ ಐತ್ರಿ" ಎಂಬ ಒಂದೇ ಉತ್ತರ. ಊಟಕ್ಕೆ ಕೂತರೆ ಇನ್ನೊಂದು ಕಷ್ಟ. "ಸಾಕು" ಎಂಬ ಮಾತಿಗೆ ಅಲ್ಲಿ ಬೆಲೆಯೇ ಇರಲಿಲ್ಲ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಿದ್ದರು. ಅಳಿಯತನ ಅಂದರೆ ಹೊಟ್ಟೆಯಿಂದ ಮಾಡುವ ನೌಕರಿ ಎಂದು ಒಮ್ಮೆ ಹೆಂಡತಿಗೆ ಹೇಳಿ ಚೆನ್ನಾಗಿ ಬೈಸಿಕೊಂಡಿದ್ದೆ.

ನನ್ನದು ಮೊದಲೇ ಸಿಡುಕು ಸ್ವಭಾವ. ನಾನು ಬೆಳೆದದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ. ಅಲ್ಲಿ ಒಂದು ಎಳೆ ತಪ್ಪಿದರೂ ಮಗ್ಗದ ಮುಂದೆಯೇ ನಿಲ್ಲಿಸಿ ಮುಖಕ್ಕೆ ಹೇಳುತ್ತಾರೆ, ಸಂಜೆ ಅವರೇ ಕರೆದು ಚಹಾ ಕೊಡುತ್ತಾರೆ. ಮಾವನವರ ಮನೆಯ ನಯ ನನಗೆ ಇಸ್ತ್ರಿ ಮಾಡಿದ ಬಿಗಿ ಅಂಗಿ ತೊಟ್ಟ ಹಾಗೆ ಆಗುತ್ತಿತ್ತು. ಮದುವೆಯಾಗಿ ಮೂರು ವರ್ಷ ಕಳೆದಿದ್ದರೂ ನಾನು ಆ ಮನೆಯಲ್ಲಿ ಇನ್ನೂ ಬಂದುಹೋಗುವ ದೊಡ್ಡ ಮನುಷ್ಯನೇ ಆಗಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಮಾವನವರು ಬಾಗಲಕೋಟೆಯಲ್ಲಿ ಹತ್ತಿ, ಶೇಂಗಾ ವ್ಯಾಪಾರ ಮಾಡುತ್ತಿದ್ದರು. ಮನೆ ಹಳೇ ಊರಿನಲ್ಲಿತ್ತು. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಅಡಿಗೆ ಹೋಗಿದೆ. ಓಣಿಗೆಲ್ಲ ಒಂದೇ ಕಾರು, ಅದು ಅವರದು. ಕಪ್ಪು ಬಣ್ಣದ, ದುಂಡು ಮೂತಿಯ, ನನ್ನ ಮದುವೆಗಿಂತ ಎಷ್ಟೋ ವರ್ಷ ಹಳೆಯದಾದ ಗಾಡಿ. ಅದನ್ನು ಮಾವನವರು ಓಡಿಸಬೇಕು, ಇಲ್ಲವೇ ಅವರ ಮಗ, ಅಂದರೆ ನನ್ನ ಹೆಂಡತಿಯ ಅಣ್ಣ ಓಡಿಸಬೇಕು. ಮೂರನೆಯವರು ಮುಟ್ಟುವಂತಿರಲಿಲ್ಲ.

ಆ ವರ್ಷ ನನ್ನ ನಾದಿನಿಯ, ಅಂದರೆ ಹೆಂಡತಿಯ ತಂಗಿಯ ಮದುವೆ ಗೊತ್ತಾಯಿತು. ಗಂಡಿನವರು ಬಾದಾಮಿಯವರು. ನಿಶ್ಚಯದ ದಿನ ಹತ್ತು ಮಂದಿ ಹಿರಿಯರ ಎದುರು ಮಾವನವರು ಎದೆ ಮುಟ್ಟಿಕೊಂಡು ಮಾತು ಕೊಟ್ಟಿದ್ದರು: "ವರನ್ನ ಕರಕೊಂಡು ಬರಾಕ ನಮ್ಮ ಗಾಡಿನ ಬರ್ತೈತ್ರಿ. ನೀವು ಬ್ಯಾರೆ ಏನೂ ಮಾಡಬ್ಯಾಡ್ರಿ." ಬೀಗರಿಗೆ ಕೊಟ್ಟ ಮಾತು ಅಂದರೆ ಅವರಿಗೆ ಕಲ್ಲಿನ ಮೇಲೆ ಕೆತ್ತಿದ ಅಕ್ಷರ.

ಮದುವೆಗೆ ನಾಲ್ಕು ದಿನ ಇತ್ತು. ಬೀಗರಿಗೆ ಉಡಿಸುವ ಸೀರೆಗಳು ಇಳಕಲ್ಲಿನಲ್ಲಿ ನಮ್ಮ ಓಣಿಯ ಮಗ್ಗಗಳ ಮೇಲೆ ತಯಾರಾಗಿದ್ದವು. ಅವನ್ನೂ ನಮ್ಮ ಅವ್ವನನ್ನೂ ಬಾಗಲಕೋಟೆಗೆ ತರಬೇಕಾಗಿತ್ತು. ನಾನು ಬಸ್ಸಿಗೆ ಹೋಗುತ್ತೇನೆ ಎಂದೆ. ಮಾವನವರು ಕೇಳಲಿಲ್ಲ. ಗೂಟಕ್ಕೆ ಹಾಕಿದ್ದ ಕಾರಿನ ಚಾವಿ ತೆಗೆದು ನನ್ನ ಅಂಗೈಯಲ್ಲಿಟ್ಟು, "ಬೀಗತಿ ಸೀರಿ ಗಂಟು ಹೊತ್ತು ಬಸ್ಸಿನ್ಯಾಗ ಬರೋದೇನು? ಗಾಡಿ ಒಯ್ಯಿರಿ ಅಳಿಯಾರ" ಎಂದರು. ನಾನು ಮಾಸ್ತರಿಕೆಗೆ ಸೇರುವ ಮೊದಲು ಕಲ್ಲಿನ ಗಣಿಯ ಜೀಪು ಓಡಿಸಿ ಡ್ರೈವಿಂಗ್ ಕಲಿತವನು. ಲೈಸೆನ್ಸೂ ಇತ್ತು. ಆದರೂ ಓಣಿಯ ತಿರುವಿನಲ್ಲಿ, ಇಡೀ ಮನೆಯವರು ಕಟ್ಟೆಯ ಮೇಲೆ ನಿಂತು ನೋಡುತ್ತಿರುವಾಗ, ಗೇರು ಕರ್ರ್ ಎಂದು ಚೀರಿತು. ನಮ್ಮ ಓಣಿಯಲ್ಲಾಗಿದ್ದರೆ ಹತ್ತು ಮಂದಿ ನಕ್ಕು ಹನ್ನೊಂದನೆಯವ ಗೇರು ಹಾಕುವುದು ಹೇಗೆಂದು ಹೇಳಿಕೊಡುತ್ತಿದ್ದ. ಇಲ್ಲಿ ಯಾರೂ ಏನೂ ಅನ್ನಲಿಲ್ಲ. ಮಾವನವರು ಕೈ ಎತ್ತಿ "ಸಾವಕಾಶ ಹೋಗಿ ಬರ್ರಿ" ಎಂದರು. ಆ ನಯಕ್ಕೆ ನನ್ನ ಕಿವಿ ಕಾದವು.

ಅಮೀನಗಡದಲ್ಲಿ ಚಹಾ ಕುಡಿಯಲು ನಿಲ್ಲಿಸಿದೆ. ಕುಡಿದು ಬಂದು ನೋಡುತ್ತೇನೆ, ಕಾರಿನ ಹೊಟ್ಟೆಯ ಕೆಳಗೆ ಮಣ್ಣಿನಲ್ಲಿ ಅಂಗೈಯಗಲದ ಎಣ್ಣೆಯ ಕಲೆ! ಮೇಲಿಂದ ಇನ್ನೊಂದು ಹನಿ ಇಳಿಯಲೋ ಬೇಡವೋ ಎಂದು ನೇತಾಡುತ್ತಿತ್ತು. ಪಕ್ಕದಲ್ಲೇ ಲಾರಿ ರಿಪೇರಿ ಮಾಡುವವನೊಬ್ಬ ಇದ್ದ. ಅವನು ಬೆರಳಿಗೆ ಒಂದು ಹನಿ ಹಿಡಿದು ಮೂಸಿ ನನ್ನ ಮೂಗಿಗೂ ಹಿಡಿದ. ಮೂಗು ಮುರಿಯುವ ಗಂಧಕದ ವಾಸನೆ.

"ಎಂಜಿನ್ ಎಣ್ಣಿ ಅಲ್ರಿ. ಅದು ಕರ್ರಗ ಇರ್ತೈತಿ. ಇದು ನೋಡ್ರಿ, ಜೇನುತುಪ್ಪದಂಗ ದಪ್ಪ ಐತಿ. ಗೇರ್ ಬಾಕ್ಸಿನ ಎಣ್ಣಿ" ಎಂದ.

"ಹಂಗಂದ್ರ?"

"ಸೋರಾಕ ಹತ್ತೇತಿ. ಕಡಿಮಿ ಆದ್ರ ಒಳಗ ಹಲ್ಲು ತಿಂದು ಹೋಗ್ತಾವ. ಇಷ್ಟು ಹಾಕ್ಕೊಂಡು ಹೋಗ್ರಿ."

ಡ್ರೈವರ್ ಕಾಲ ಬುಡದ ಚಾಪೆ ಎತ್ತಿದರೆ ಅಲ್ಲೊಂದು ರಬ್ಬರಿನ ಮುಚ್ಚಳ. ಅದನ್ನು ತೆಗೆದರೆ ಗೇರ್ ಬಾಕ್ಸಿಗೆ ಎಣ್ಣೆ ಸುರಿಯುವ ಬಾಯಿ. ಕೂತಲ್ಲಿಂದಲೇ ಸುರಿಯಬಹುದು, ಅಷ್ಟು ಸಸಾರ. ಅವನು ಅರ್ಧ ಡಬ್ಬಿ ಸುರಿದ. ನನ್ನ ಜೀವ ಆಗಲೇ ಬಾಯಿಗೆ ಬಂದಿತ್ತು. ಓಣಿಯ ತಿರುವಿನ ಆ ಕರ್ರ್ ಶಬ್ದ ಕಿವಿಯಲ್ಲಿ ಮತ್ತೆ ಕೇಳಿಸಿತು. ಇಷ್ಟು ವರ್ಷ ಮಾವನವರು ಮಗುವಿನಂತೆ ನೋಡಿಕೊಂಡ ಕಾರನ್ನು ನಾನು ಒಂದೇ ಮುಂಜಾನೆಯಲ್ಲಿ ಕೆಡಿಸಿದ್ದೆ. ನನಗೆ ಅದರಲ್ಲಿ ಸಂಶಯವೇ ಇರಲಿಲ್ಲ.

ಇಳಕಲ್ಲಿಗೆ ಬಂದು ಮನೆಯ ಮುಂದಿನ ಕೆಂಪು ಕಲ್ಲಿನ ಹಾಸಿನ ಮೇಲೆ ಕಾರು ನಿಲ್ಲಿಸಿದೆ. ಕೆಳಗೆ ಹಳೇ ಪತ್ರಿಕೆ ಹಾಸಿದೆ. ಎಲ್ಲಿಂದ ಬೀಳುತ್ತದೆ ನೋಡಬೇಕಲ್ಲ. ಒಂದು ತಾಸಿಗೆ ನೋಡಿದರೆ ಪತ್ರಿಕೆಯ ಒಂದು ಕಾಲಂ ಪೂರ್ತಿ ನೆನೆದಿತ್ತು. ಕಲೆ ಇದ್ದದ್ದು ಗೇರ್ ಬಾಕ್ಸಿನ ಹಿಂಬದಿಗೆ, ಹಿಂದಿನ ಗಾಲಿಗಳ ಕಡೆಗೆ ಹೋಗುವ ದಂಡ ಹೊರಬರುವ ಜಾಗದ ಕೆಳಗೆ. ಅಲ್ಲಿ ಎಣ್ಣೆ ತಡೆಯುವ ಸೀಲು ಇರುತ್ತದೆಂದು ಗಣಿಯ ಜೀಪಿನಿಂದ ಗೊತ್ತಿತ್ತು, ಅದೇ ಹರಿದಿದೆ ಎಂದುಕೊಂಡೆ. ಹೆದರಿ, ಪೇಟೆಯಿಂದ ಒಂದು ಡಬ್ಬಿ ಗೇರ್ ಎಣ್ಣೆ ತಂದು ನಾನೇ ಅರ್ಧ ಸುರಿದೆ. ಸಂಜೆ ಮತ್ತೆ ನೋಡಿದೆ, ಸೋರಿಕೆ ಹೆಚ್ಚಾಗಿತ್ತು. ಉಳಿದರ್ಧವನ್ನೂ ಸುರಿದೆ. ಮುಂಜಾನೆ ಎದ್ದರೆ ಪತ್ರಿಕೆ ದಾಟಿ ಕಲ್ಲಿನ ಮೇಲೆ ಹಳ್ಳವೇ ಹರಿದಿತ್ತು.

ಅವ್ವ ಸೀರೆಗಳ ಗಂಟು ಕಟ್ಟಿ ಬಂದು ನಿಂತಳು. ಹುಟ್ಟಿದಾಗಿನಿಂದ ಮಗ್ಗದ ಬದಿಗೆ ಬೆಳೆದವಳು, ಎಣ್ಣೆಯ ಕಲೆ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುತ್ತಿದ್ದಳು.

"ಅವರ ಗಾಡಿ, ಅವರಿಗೆ ಹೇಳಿಬಿಡು. ಬೈದ್ರ ಬೈತಾರ" ಎಂದಳು.

"ಅವರು ಬೈಯಂಗಿಲ್ಲ ಅವ್ವಾ. ಅದ ತ್ರಾಸು."

ಖರೆ ಹೇಳುತ್ತೇನೆ, ನನಗೆ ಬೈಗುಳದ ಹೆದರಿಕೆ ಇರಲಿಲ್ಲ. ಮಾವನವರು "ಇರ್ಲಿ ಬಿಡ್ರಿ, ಹಳೇ ಗಾಡಿ" ಎಂದು ನಕ್ಕು, ಆಮೇಲೆ ಬಾದಾಮಿಯ ಬೀಗರ ಮುಂದೆ ಬಾಡಿಗೆ ಗಾಡಿ ತಂದು ನಿಲ್ಲಿಸಿ ತಲೆ ತಗ್ಗಿಸುತ್ತಾರಲ್ಲ, ಅದನ್ನು ನೋಡುತ್ತ ನಿಲ್ಲುವ ಶಕ್ತಿ ನನಗಿರಲಿಲ್ಲ. ಅದೂ ಅಲ್ಲದೆ ಆ ಮನೆಯಲ್ಲಿ ನಾನು ಸಾಯುವವರೆಗೆ, ಚಾವಿ ಕೊಟ್ಟರೆ ಗೂಟಕ್ಕೆ ವಾಪಸು ಸರಿಯಾಗಿ ತೂಗಹಾಕಲು ಬಾರದ ಅಳಿಯನಾಗಿ ಉಳಿಯುತ್ತಿದ್ದೆ. ಯಾರೂ ಹಾಗೆ ಅನ್ನುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಹೊರಟೆವು. ಸೀರೆಗಳ ಗಂಟನ್ನು ಅವ್ವ ಡಿಕ್ಕಿಯಲ್ಲಿ ಇಡಲು ಬಿಡಲಿಲ್ಲ. "ಎಣ್ಣಿ ಉಗುಳೋ ಗಾಡ್ಯಾಗ ಮದವಿ ಸೀರಿನ ಹಿಂದ ಇಡ್ತಾರೇನು?" ಎಂದು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹುನಗುಂದ ಮುಟ್ಟುವವರೆಗೆ ನಾನು ಉಸಿರು ಬಿಗಿ ಹಿಡಿದೇ ಓಡಿಸಿದೆ.

ಹುನಗುಂದದಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಬೇವಿನ ಗಿಡದ ಕೆಳಗೆ ಒಬ್ಬ ಹಿರಿಯ ಮಿಸ್ತ್ರಿ ಇದ್ದ. ಲಾರಿಗಳ ಕೆಳಗೆ ಇಳಿಯಲು ತೋಡಿದ ಒಂದು ಉದ್ದನೆಯ ಗುಂಡಿ, ಒಂದು ತಗಡಿನ ಚಪ್ಪರ, ಅಷ್ಟೇ ಅವನ ಗ್ಯಾರೇಜು. ಮೂಗಿನ ಮೇಲಿದ್ದ ಚಾಳೀಸಿನ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದ. ನಾನು ಇಳಿದವನೇ ಒಂದೇ ಉಸಿರಿನಲ್ಲಿ ಹೇಳಿದೆ: "ಗೇರ್ ಬಾಕ್ಸಿನ ಹಿಂದಿನ ಸೀಲು ಹರಿದೈತ್ರಿ. ಇವತ್ತ ಬದಲಿ ಮಾಡಿಕೊಡ್ರಿ. ಮೂರು ದಿನಕ್ಕ ಮದವಿ ಐತಿ."

ಅವನು ನನ್ನ ಕಿಸೆಯ ಮಸಿಪೆನ್ನು, ಕಿಸೆಯ ಅಂಚಿನ ಕೆಂಪು ಮಸಿಯ ಕಲೆ ನೋಡಿ, "ಮಾಸ್ತರ್ರ ಏನ್ರಿ?" ಎಂದ.

"ಹೌದು."

"ಸಾಲ್ಯಾಗ ಹುಡುಗ್ರು ಪ್ರಶ್ನಿ ಓದೋಕಿಂತ ಮೊದ್ಲ ಉತ್ತರ ಬರದ್ರ ಏನ್ ಮಾಡ್ತೀರಿ?"

"ಹೊರಗ ನಿಲ್ಲಿಸ್ತೇನಿ."

"ಹಂಗಾರ ಹೊರಗ ನಿಂದರ್ರಿ" ಎಂದು ಗುಂಡಿಗೆ ಇಳಿದ.

ಅವ್ವ ಬೇವಿನ ನೆರಳಿನಲ್ಲಿ ಗಂಟು ತಬ್ಬಿಕೊಂಡು ಕೂತು ಮುಸಿಮುಸಿ ನಕ್ಕಳು. ನನಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗೇರ್ ಬಾಕ್ಸು ಇಳಿಸಬೇಕಾದರೆ ಎರಡು ದಿನ, ಸಾಮಾನು ಹುಬ್ಬಳ್ಳಿಯಿಂದ ಬರಬೇಕಾದರೆ ಇನ್ನೆರಡು ದಿನ. ನಿಂತಲ್ಲೇ ಲೆಕ್ಕ ಹಾಕಿ ಮದುವೆ ಮುಗಿಸಿಬಿಟ್ಟಿದ್ದೆ.

ಮಿಸ್ತ್ರಿಗೆ ಅವಸರವೇ ಇರಲಿಲ್ಲ. ಮೊದಲು ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಗೇರ್ ಬಾಕ್ಸನ್ನು ಸುತ್ತಲೂ ಒರೆಸಿದ. ಎಷ್ಟೋ ವರ್ಷದ ಮಣ್ಣು, ಜಿಡ್ಡು ಹೋಗಿ ಕಬ್ಬಿಣದ ಬಣ್ಣ ಕಂಡಿತು. ಅದು ಒಣಗಿದ ಮೇಲೆ ಒಂದು ಹಿಡಿ ಸುಣ್ಣದ ಪುಡಿ ತಂದು, ಗೋಡೆಗೆ ಎರಚುವಂತೆ ಅದರ ಮೈಗೆಲ್ಲ ಎರಚಿದ. "ಒಂದ ಸುತ್ತು ಹೊಡದ ಬರ್ರಿ" ಎಂದ. ನಾನು ಊರ ಹೊರಗಿನ ಹತ್ತಿ ಜಿನ್ನಿನ ಕಾರ್ಖಾನೆಯವರೆಗೆ ಹೋಗಿ ಬಂದೆ. ಮತ್ತೆ ಗುಂಡಿಯ ಮೇಲೆ ನಿಲ್ಲಿಸಿದಾಗ ಅವನು ನನ್ನನ್ನೂ ಕೆಳಗೆ ಕರೆದು ತೋರಿಸಿದ. ಬೆಳ್ಳನೆಯ ಸುಣ್ಣದ ಮೇಲೆ ಎಣ್ಣೆ ಬಂದ ದಾರಿ ಗೆರೆ ಎಳೆದಂತೆ ಕಾಣುತ್ತಿತ್ತು. ಹಿಂದಿನ ಸೀಲಿನಿಂದ ಒಂದು ದಾರಿ ಇಳಿದಿತ್ತು. ಆದರೆ ಇನ್ನೊಂದು ದಾರಿ ಮೇಲಿಂದ, ಮುಚ್ಚಳದ ಹತ್ತಿರ ಒಳಗಿನ ಗಾಳಿ ಹೊರಹೋಗಲು ಬಿಟ್ಟ ಉಸಿರಾಡುವ ತೂತಿನಿಂದ ಇಳಿದಿತ್ತು.

"ಸೀಲು ಹರಿದಿದ್ರ ಸೀಲಿನ ಹತ್ರ ಅಷ್ಟ ಬರಬೇಕು. ಮ್ಯಾಲಿಂದ ಯಾಕ ಉಕ್ಕೇತಿ?" ಎಂದು ತನಗೆ ತಾನೇ ಕೇಳಿಕೊಂಡ.

ಗೇರ್ ಬಾಕ್ಸಿನ ಪಕ್ಕದಲ್ಲಿ ಒಂದು ಬೋಲ್ಟು ಇತ್ತು. ಎಣ್ಣೆಯ ಮಟ್ಟ ಅಲ್ಲಿಯವರೆಗೆ ಇರಬೇಕು, ಹೆಚ್ಚಿಲ್ಲ ಕಡಿಮೆಯಿಲ್ಲ. ಅದನ್ನು ತೆಗೆದರೆ ಎಣ್ಣೆ ತೂತಿನ ಅಂಚಿಗೆ ಬಂದು ನಿಲ್ಲಬೇಕಂತೆ. ಅವನು ಕೆಳಗೊಂದು ಬೋಗುಣಿ ಹಿಡಿದು ಬೋಲ್ಟು ಸಡಲಿಸಿದ. ಕೈ ತೆಗೆಯಲೂ ಪುರುಸೊತ್ತಿಲ್ಲ, ಎಣ್ಣೆ ನಲ್ಲಿ ಬಿಟ್ಟಂತೆ ಧೋ ಎಂದು ಹೊಡೆಯಿತು. ಅವನ ಮೊಣಕೈ ತೋಯ್ದಿತು. ಬೋಗುಣಿ ತುಂಬುತ್ತ ಬಂತು. ಅವನು ಇನ್ನೊಂದು ಡಬ್ಬಿ ಹಿಡಿದ. ಅದೂ ಅರ್ಧ ತುಂಬಿದ ಮೇಲೆ ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು.

ಮಿಸ್ತ್ರಿ ಚಾಳೀಸು ಸರಿಮಾಡಿಕೊಂಡು ನನ್ನ ಮುಖ ನೋಡಿದ. "ಎಷ್ಟ ಮಂದಿ ಹಾಕೀರಿ ಇದಕ?"

"ಅಮೀನಗಡದಾಗ ಅರ್ಧ ಡಬ್ಬಿ. ಮನ್ಯಾಗ ನಾ ಒಂದು ಡಬ್ಬಿ."

"ಸೋರಿದ್ದು ಬಿಟ್ಟೂ ಅದಕ್ಕಿಂತ ಹೆಚ್ಚಿಗಿ ಬಂದೈತಿ. ನಿಮಗಿಂತ ಮೊದ್ಲ ಯಾರೋ ಹಾಕ್ಯಾರ. ಹತ್ತು ಮಂದಿ ಹುಲ್ಲುಕಡ್ಡಿ, ಒಬ್ಬನ ತಲೆಹೊರಿ! ಮಾಸ್ತರ್ರ, ಒಳಗ ಹಲ್ಲು ತಿರಿಗಿದಂಗ ಎಣ್ಣಿ ನೊರಿ ಆಗ್ತೈತಿ, ಕಾಯ್ತೈತಿ, ಉಬ್ಬತೈತಿ. ಜಾಗಾ ಇಲ್ಲಂದ್ರ ಎಲ್ಲಿ ಹೋಗಬೇಕದು? ಸೋರ್ತೈತಿ ಅಂತ ನೀವು ಸುರಿಯೋದು, ಸುರದ್ರಿ ಅಂತ ಅದು ಸೋರೋದು. ಹೊಟ್ಟಿ ತುಂಬಿದವಗ ಒತ್ತಾಯ ಮಾಡಿ ಉಣಿಸಿದಂಗ ಆತಿದು."

ಒತ್ತಾಯ ಮಾಡಿ ಉಣಿಸುವುದು! ಆ ಮಾತು ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಮಾವನವರ ಪಡಸಾಲೆ, ತಾಟು, ಬೆರಳ ಸಂದಿಯ ತುಪ್ಪ ಎಲ್ಲವೂ ಬಂದು ನಿಂತವು. ನಾನು ಗುಂಡಿಯೊಳಗೆ ನಿಂತೇ ನಗಲು ಶುರು ಮಾಡಿದೆ. ಮೇಲಿಂದ ಅವ್ವ ಗಾಬರಿಯಾಗಿ ಇಣುಕಿದಳು.

"ಮತ್ತ ಗೇರು ಕರ್ರ್ ಅಂದಿತ್ರಿ ನಿನ್ನೆ. ಅದರಿಂದ ಏನೂ...?" ಎಂದು ಕೇಳಿದೆ. ಹಿಂದಿನ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಅದು.

"ಅದು ನಿಮ್ಮ ಕಾಲಿನ ತಪ್ಪು. ಕ್ಲಚ್ ಪೂರಾ ಒತ್ತಿಲ್ಲ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ನನ್ನ ಜನ್ಮದಲ್ಲಿ ಯಾರೂ ನನ್ನ ತಪ್ಪನ್ನು ಇಷ್ಟು ಚಂದ ಮಾಡಿ ಹೇಳಿರಲಿಲ್ಲ. ಹೋದ ಜೀವ ಮರಳಿ ಬಂದಂತಾಯಿತು. ಅವನು ಬೋಲ್ಟು ಬಿಗಿದು, ಮತ್ತೆ ಒರೆಸಿ, ಮತ್ತೆ ಸುಣ್ಣ ಎರಚಿ ಇನ್ನೊಂದು ಸುತ್ತು ಕಳಿಸಿದ. ಈ ಸಲ ಮೇಲಿನ ದಾರಿ ಪೂರ್ತಿ ಒಣಗಿತ್ತು. ಹಿಂದಿನ ಸೀಲಿನ ಅಂಚು ಮಾತ್ರ ಸ್ವಲ್ಪ ಒದ್ದೆಯಾಗಿ ಹೊಳೆಯುತ್ತಿತ್ತು. "ವಯಸ್ಸಾದ ಗಾಡಿ, ಇಷ್ಟು ಬೆವರತೈತಿ. ಬೆವರಲಿ ಬಿಡ್ರಿ. ಸುರಿಯೋಕ ಹೋಗಬ್ಯಾಡ್ರಿ" ಎಂದ. ತೆಗೆದ ಎಣ್ಣೆಯನ್ನು ಒಂದು ಡಬ್ಬಿಗೆ ಹಾಕಿಸಿ ಜೊತೆಗೆ ಇಟ್ಟುಕೊಂಡೆ. ಯಾಕೆಂದು ಅವ್ವ ಕೇಳಿದಳು. ಸಾಕ್ಷಿಗೆ ಎಂದೆ.

ಹುನಗುಂದದಿಂದ ಬಾಗಲಕೋಟೆಯವರೆಗೆ ನಾನು ಹಾಡಿಕೊಳ್ಳುತ್ತ ಕಾರು ಓಡಿಸಿದೆನೆಂದು ಅವ್ವ ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದಳು. ನನಗೆ ಹಾಡಲು ಬರುವುದಿಲ್ಲ, ಆದರೆ ಆ ದಿನ ಹಾಡಿರಲೂಬಹುದು.

ಮಧ್ಯಾಹ್ನ ಮಾವನವರ ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ಮಾವನವರು, ಅವರ ಮಗ, ನಾನು. ಎರಡು ಹೋಳಿಗೆ ಮುಗಿದು ಮೂರನೆಯದು ಬಂತು. "ಸಾಕ್ರಿ" ಎಂದೆ. "ಏ, ಇದೊಂದು ಅಳಿಯಾರ, ಸಣ್ಣದು" ಎಂದು ಮಾವನವರು ತಾವೇ ತುಪ್ಪದ ಗಿಂಡಿ ಎತ್ತಿದರು. ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ಹೋಗಿ ಎಣ್ಣೆಯ ಡಬ್ಬಿ ತಂದು ಅವರ ತಾಟಿನಿಂದ ಒಂದು ಮಾರು ದೂರದಲ್ಲಿ ಇಟ್ಟೆ. ಇಡೀ ಪಡಸಾಲೆ ಗಂಧಕದ ವಾಸನೆ ಹೊಡೆಯಿತು.

"ಮಾವಾರ, ನಿಮ್ಮ ಗಾಡಿ ಸೋರಾಕ ಹತ್ತಿತ್ತು. ನಾ ಕೆಡಿಸೀನಿ ಅಂತ ಎರಡು ದಿನ ಸತ್ತು ಬದುಕೀನಿ. ಮಿಸ್ತ್ರಿ ನೋಡಿ ಹೇಳಿದ, ಎಣ್ಣಿ ಹೆಚ್ಚಾಗಿ ಉಕ್ಕೇತಿ ಅಂತ. ಇದು ಹೆಚ್ಚಿಗಿ ಆಗಿದ್ದು. ಇದರಾಗ ನಾ ಹಾಕಿದ್ದೂ ಐತಿ. ಉಳದಿದ್ದು ಯಾರು ಹಾಕಿದ್ರು, ಈಗ ಹೇಳಬೇಕು."

ಒಳಗಿನಿಂದ ಹೆಂಡತಿ ಬಾಗಿಲಿಗೆ ಬಂದು ನಿಂತು ಕಣ್ಣಲ್ಲೇ ನನ್ನನ್ನು ಸುಟ್ಟಳು. ಮಾವನವರು ಗಿಂಡಿಯನ್ನು ಮೆಲ್ಲಗೆ ಕೆಳಗಿಟ್ಟರು.

"ವಾರದ ಹಿಂದ ಗಾಡಿ ಕೆಳಗ ಒಂದು ಹನಿ ಕಂಡಿತ್ರಿ" ಎಂದರು. "ಅಳಿಯಾರು ಒಯ್ಯೋರು, ದಾರ್ಯಾಗ ಕಡಿಮಿ ಬೀಳಬಾರ್ದು ಅಂತ ನೀವು ಹೊರಡೋ ದಿನಾ ಮುಂಜಾನೆ ಒಂದಿಷ್ಟು ಸುರದೆ. ಹನಿ ಬೀಳ್ತೈತಿ ಅಂತ ನಿಮಗ ಹೆಂಗ ಹೇಳೋದು? ಮೊದಲನೇ ಸಲ ಕೊಟ್ಟೀನಿ, ಅದೂ ಕೆಟ್ಟ ಗಾಡಿ ಕೊಟ್ಟ ಅಂತ ನೀವು ತಿಳ್ಕೊಂಡ್ರ?"

ಹೆಂಡತಿಯ ಅಣ್ಣ ತಲೆ ತಗ್ಗಿಸಿ ಸಾರು ಕಲಸುತ್ತಿದ್ದವನು, "ಅಪ್ಪಾ, ನಾನೂ ಹಿಂದಿನ ದಿನಾ ಸಂಜಿಮುಂದ ಒಂದು ಡಬ್ಬಿ ಹಾಕಿದ್ದೆ. ನಿನಗ ಹೇಳಿದ್ರ ಗಾಡಿ ಚಿಂತಿ ಹತ್ತತೈತಿ ಅಂತ ಹೇಳಲಿಲ್ಲ" ಎಂದ.

ಅಪ್ಪನಿಗೆ ಮಗ ಹೇಳಿಲ್ಲ, ಅಳಿಯನಿಗೆ ಮಾವ ಹೇಳಿಲ್ಲ, ಮಾವನಿಗೆ ಅಳಿಯ ಹೇಳಿಲ್ಲ. ಎಲ್ಲರೂ ಮರ್ಯಾದೆ ಕಾಯುತ್ತ ಕೂತು ಆ ಬಡಪಾಯಿ ಗೇರ್ ಬಾಕ್ಸಿನ ಬಾಯಿಗೆ ಸುರಿದದ್ದೇ ಸುರಿದದ್ದು. ಮೊದಲು ನಕ್ಕವಳು ಅಡಿಗೆಮನೆಯ ಬಾಗಿಲ ಹತ್ತಿರ ಕೂತಿದ್ದ ನಮ್ಮ ಅವ್ವ. ಆಮೇಲೆ ಮಾವನವರು ಎಂಥ ನಗು ನಕ್ಕರೆಂದರೆ, ಬಾಯಲ್ಲಿದ್ದ ಹೋಳಿಗೆ ಗಂಟಲಿಗೆ ಸಿಕ್ಕಿ ಮಗ ಬೆನ್ನು ತಟ್ಟಬೇಕಾಯಿತು. ಕಣ್ಣು ಒರೆಸಿಕೊಳ್ಳುತ್ತ, "ಬಾದಾಮಿಗೆ ಗಾಡಿ ಹೋಗ್ತೈತಲ್ರಿ?" ಎಂದು ಎರಡು ಸಲ ಕೇಳಿದರು. ಅವರೂ ವಾರದಿಂದ ಅದೇ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದರೆಂದು ನನಗೆ ಆಗ ತಿಳಿಯಿತು.

ಮದುವೆಯ ದಿನ ವರನನ್ನು ತರಲು ಚಾವಿಯನ್ನು ಮಗನಿಗೆ ಕೊಡಲಿಲ್ಲ, ನನಗೇ ಕೊಟ್ಟರು. ಕ್ಲಚ್ ಪೂರಾ ಒತ್ತಿ ಬಾದಾಮಿಗೆ ಹೋದೆ, ವರನನ್ನೂ ಅವನ ತಂದೆಯನ್ನೂ ಕೂಡಿಸಿಕೊಂಡು ಬಂದೆ. ಚಪ್ಪರದ ಮುಂದೆ ಕಾರು ನಿಂತಾಗ ಮುತ್ತೈದೆಯರು ಆರತಿ ಹಿಡಿದು ಸಾಲಾಗಿ ನಿಂತಿದ್ದರು. ಮಾವನವರು ಹೊಸ ಧೋತರ, ತಲೆಗೆ ಪಟಗ ಸುತ್ತಿಕೊಂಡು ಮುಂದೆ ಬಂದರು. ವರನ ಕೈ ಹಿಡಿಯುತ್ತಾರೆಂದು ಎಲ್ಲರೂ ನೋಡುತ್ತಿದ್ದರೆ, ಅವರು ಪಟಗವನ್ನು ಒಂದು ಕೈಯಲ್ಲಿ ಹಿಡಿದು ಬಗ್ಗಿ ಕಾರಿನ ಕೆಳಗೆ ಇಣುಕಿದರು. ಬೀಗರು ಏನು ಬಿತ್ತೋ ಎಂದು ತಾವೂ ಬಗ್ಗಿದರು.

"ಒಣ ಐತಿ!" ಎಂದು ಮಾವನವರು ಎದ್ದು ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟೂ ಮಂದಿಯ ಎದುರು, "ಇಷ್ಟ ತಡಾ ಮಾಡೋದೇನೋ? ಮುಹೂರ್ತ ನಿನಗ ಕಾಯ್ಕೊಂಡು ಕುಂದರ್ತೈತೇನು?" ಎಂದು ಗದರಿದರು.

ಹೆಂಡತಿಯ ಮುಖ ಬಿಳಿಚಿತು. ನನಗೋ, ಮದುವೆಯ ಅಕ್ಕಿಕಾಳು ನನ್ನ ತಲೆಯ ಮೇಲೆಯೇ ಬಿದ್ದಷ್ಟು ಸಂತೋಷವಾಯಿತು. ಮೂರು ವರ್ಷದಲ್ಲಿ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಬೈಗುಳ ಅದು.

ಊಟದ ಪಂಕ್ತಿಯಲ್ಲಿ ಮೂರನೆಯ ಹೋಳಿಗೆ ಬಂದಾಗ ನಾನು ಎಂದಿನಂತೆ ಕೈ ಅಡ್ಡ ಹಿಡಿದು "ಸಾಕು" ಎಂದೆ. ಬಡಿಸುವವನು ಕೇಳದೆ ಬಗ್ಗಿದ. ಪಂಕ್ತಿ ನೋಡಿಕೊಳ್ಳುತ್ತ ಬರುತ್ತಿದ್ದ ಮಾವನವರು ಅವನ ರಟ್ಟೆ ಹಿಡಿದು ಮುಂದಕ್ಕೆ ದೂಡಿದರು.

"ಸಾಕಂದ್ರ ಸಾಕು, ಮುಂದ ನಡಿ. ಹೆಚ್ಚಾದ್ರ ಸೋರ್ತಾನ ಇಂವಾ" ಎಂದರು.